ಗಡಿ ದಾಟಿದ ರಾಕ್ಷಸ

ಹಿರೇಕಟ್ಟೆ, ಶಿಕಾರಿಪುರ ತಾಲೂಕು
೨೩-೨-೧೯೫೮

ಸೌಭಾಗ್ಯವತಿ ಹೂವಿಗೆ ನಿನ್ನ ಗಂಡ ಹುಚ್ಚರಾಯಪ್ಪನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ಅತ್ತೆ ಮಾವ ಆರೋಗ್ಯವೇ? ಇಲ್ಲಿ ಅಕ್ಕ ದುರ್ಗಮ್ಮ, ಎಮ್ಮೆ, ನಾನು, ಮೂವರೂ ಕ್ಷೇಮ. ಎಮ್ಮೆಯೊಂದೇ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರುವುದು. ಈ ಕಾಗದವನ್ನು ಯಾರ ಕೈಲೂ ಓದಿಸಬೇಡ. ಮೂರನೇ ಇಯತ್ತೆ ಕಲಿತವಳು, ನಿಧಾನವಾಗಿ ಕೂಡಿಸಿಕೊಂಡು ನೀನೇ ಓದು. ನೀನು ಹೊರಟ ದಿನ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನನ್ ಕಿವಿ ಬುಗುಡಿ ಸಿಗೋ ತನಕ ಈ ಹೊಸ್ಲು ತುಳಿಯೋದಿಲ್ಲ. ಕದ್ದೋರು ಯಾರಂತ ನಂಗೊತ್ತು." ಅದು ತನಗೇ ಅಂದದ್ದೆಂದು ಅಕ್ಕ ಎರಡು ದಿನ ಉಣ್ಣಲಿಲ್ಲ. ನೀನಿಲ್ಲದ ಮನೆ ನನಗೆ ಮನೆಯಲ್ಲ ಹೂವೀ, ಅದನ್ನು ಮೊದಲೇ ಬರೆದುಬಿಡುತ್ತೇನೆ.

ಇನ್ನು ನನ್ನ ರಾಕ್ಷಸನ ಸಮಾಚಾರ. ಹಲ್ಲು ಕಡಿಯಬೇಡ, ಕೇಳು. ಟೆಂಟು ಸಿನಿಮಾದಲ್ಲಿ ಕಂಡ ಆ ರಾಕ್ಷಸನನ್ನು ಎರಡು ಮೊಳ ಎತ್ತರದ ಗೊಂಬೆಯಾಗಿ ಮಾಡುತ್ತಿದ್ದೆನಲ್ಲ, ಕೊನೆಗೂ ಮುಗಿಯಿತು. ಅವನ ಬೆನ್ನು ಹೇಗಿದೆ ಎಂದು ನೋಡಲು ಐದು ಸಲ ಟಿಕೀಟು ತೆಗೆಸಿದೆ. ಪುಣ್ಯಾತ್ಮ ಒಂದು ಸಲವೂ ಬೆನ್ನು ತಿರುಗಿಸಲಿಲ್ಲ. ಹಾಗಾಗಿ ಬೆನ್ನು ನನ್ನ ಸ್ವಂತದ್ದು. ನಿನ್ನ ಒರಳಲ್ಲಿ ಕಾಗದ, ಮೆಂತ್ಯ ರುಬ್ಬಿದ್ದಕ್ಕೆ ಅಕ್ಕ ಒನಕೆ ಎತ್ತಿದ ಮೇಲೆ ಕೆಲಸವೆಲ್ಲ ಊರಾಚೆ ಚಿಕ್ಕಬೀರಪ್ಪನ ಕುರಿರೊಪ್ಪದಲ್ಲೇ ನಡೆಯಿತು. ಬಿದಿರಿನ ಹಂದರಕ್ಕೆ ಕಾಗದದ ರೊಜ್ಜು ಮೆತ್ತಿ, ಕವಡೆಯ ಹಲ್ಲು, ಸೋಡಾ ಗೋಲಿಯ ಕಣ್ಣು, ಕುರಿಯ ಉಣ್ಣೆಯ ಜಡೆ ಇಟ್ಟೆ. ಸಿನಿಮಾದವನಿಗೆ ಎರಡೇ ಕೊಂಬು, ನನ್ನವನಿಗೆ ಮೂರು. ಬಣ್ಣದ್ದೇ ತಕರಾರು. ಸಿನಿಮಾ ಬರೀ ಕಪ್ಪು ಬಿಳುಪು, ರಾಕ್ಷಸ ಯಾವ ಬಣ್ಣದವನು ಎಂದು ಯಾರನ್ನು ಕೇಳಲಿ? "ಹಸ್ರು ಇರ್ತಾನೆ ನೋಡಪಾ" ಎಂದ ಚಿಕ್ಕಬೀರಪ್ಪ. ನಾನು ಕೇಳದೆ ಮುಖಕ್ಕೆ ಅರಿಶಿನ, ನಾಲಿಗೆಗೆ ಕುಂಕುಮ ಬಳಿದು, ಒಣಗಲಿ ಎಂದು ರೊಪ್ಪದ ಪಕ್ಕದ ಗಡಿಕಲ್ಲಿನ ಮೇಲೆ ಕೂರಿಸಿ ಊಟಕ್ಕೆ ಬಂದೆ. ಅದೇ ತಪ್ಪಾಯಿತು.

ಆ ವಾರ ಊರಲ್ಲಿ ಕೋಳಿಗಳು ತೂಕಡಿಸಿ ಸಾಯುತ್ತಿದ್ದವು. ರೋಗ ಬಂದ ಊರಿನವರು ಮಾರಿಯನ್ನು ಪಕ್ಕದೂರಿನ ಗಡಿಗೆ ತಂದಿಟ್ಟರೆ, ಆ ಊರಿನವರು ಪೂಜೆ ಮಾಡಿ ಹೊತ್ತು ಮುಳುಗುವುದರೊಳಗೆ ಮುಂದಿನ ಗಡಿಗೆ ಸಾಗಿಸಬೇಕಲ್ಲ, ನಿಮ್ಮ ಕಡೆಯೂ ಇರುವುದೇ. ಉಂಡು ಬರುವಷ್ಟರಲ್ಲಿ ನನ್ನ ರಾಕ್ಷಸನ ಕೊರಳಲ್ಲಿ ಬೇವಿನ ಸರ, ಮುಂದೆ ಹಲಗೆ ಬಡಿತ, ಸುತ್ತ ಹೆಂಗಸರು! "ಯಾವೂರ್ನೋರೋ ಸದ್ದಿಲ್ದಂಗೆ ತಂದಿಟ್ಟು ಹೋಗ್ಯಾರೆ! ಮೂರು ಕೊಂಬಿನ ಮಾರಿ, ಭಾರಿ ಉಗ್ರ ಐತಿ" ಎಂದು ಗೌಡರು ಆನಂದಪ್ಪನವರು ಬೆವರುತ್ತಿದ್ದರು. ಚಿಕ್ಕಬೀರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಷ್ಟು ಜನ ಅಡ್ಡಬಿದ್ದ ಮೇಲೆ "ಅದು ನನ್ನ ಗೊಂಬೆ" ಎಂದರೆ ಉಳಿಯುತ್ತಿದ್ದೆನೇ?

ಎತ್ತರದ ಆಳು ಎಂದು ಗೌಡರು ಅದನ್ನು ನನ್ನ ತಲೆಗೇ ಹೊರಿಸಿದರು. ಮಾಡಿದ್ದುಣ್ಣೋ ಮಹಾರಾಯ. ಎಲ್ಲಿ ಹಿಡಿದರೆ ಕೊಂಬು ಕಳಚುವುದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು? "ಅಮ್ಮ ಇವ್ನಿಗೇ ಒಲಿದಾಳೆ" ಎಂದರು. ದಾರಿಯುದ್ದಕ್ಕೂ ಹೆಂಗಸರು ಮಾರಿಯ ಮೇಲೆ ಕೊಡಗಟ್ಟಲೆ ನೀರು ಸುರಿದರು. ಮುಂದಿನೂರಿನ ಗಡಿಯಲ್ಲಿ ತಲೆಯಿಂದ ಇಳಿಸುವಾಗ ನಾನು ಗಳಗಳನೆ ಅತ್ತುಬಿಟ್ಟೆ. ಭಕ್ತಿ ಎಂದುಕೊಂಡು ಅಕ್ಕ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನನಗಿಂತ ಹತ್ತು ವರ್ಷ ದೊಡ್ಡವಳು! ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಮೇಲೆ ಊರಲ್ಲಿ ಕೋಳಿ ಸತ್ತಿಲ್ಲ, ಅದನ್ನೂ ಹೇಳಬೇಕು. ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಹರಳೆಣ್ಣೆ ಹಚ್ಚಿಕೋ.

ನಿನ್ನ ಬರವನ್ನೇ ಕಾಯುತ್ತಿರುವ
ಹುಚ್ಚರಾಯಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಕ್ಕ ಕದ್ದಿಲ್ಲ. ನೀನು ತಲೆಗೆ ಎರೆದುಕೊಳ್ಳಲು ಬುಗುಡಿ ಕಳಚಿಟ್ಟಾಗ, ರಾಕ್ಷಸನ ಕಿವಿಗೆ ಅಚ್ಚೊತ್ತಲು ನಾನೇ ಒಂದನ್ನು ಒಯ್ದಿದ್ದೆ. ರೊಪ್ಪದಲ್ಲಿ ಕಳೆದುಹೋಯಿತೆಂದು ತಿಳಿದು ತಿಂಗಳೆಲ್ಲ ಕುರಿಹಿಕ್ಕೆ ಜರಡಿ ಹಿಡಿದೆ. ನಿಮ್ಮಿಬ್ಬರಿಗೂ ಹೇಳಲು ಧೈರ್ಯ ಬರಲಿಲ್ಲ. ಮೊನ್ನೆ ಆ ನೀರಿಗೆ ಬಲಗಿವಿಯ ರೊಜ್ಜು ಕರಗಿ, ಅದರೊಳಗೇ ಹೂತಿದ್ದ ಬುಗುಡಿ ನನ್ನ ಕಣ್ಣೆದುರೇ ಮಿಂಚಿತು. ಅದಕ್ಕೇ ಅತ್ತದ್ದು. ಗಡಿಗೆ ಬಿಟ್ಟವರು ಹಿಂತಿರುಗಿ ನೋಡುವಂತಿಲ್ಲ, ಮುಟ್ಟುವಂತಿಲ್ಲ. ಅದಾಗಲೇ ಮೂರು ಊರು ದಾಟಿ ನಿಮ್ಮ ಕಡೆಗೇ ಬರುತ್ತಿದೆಯಂತೆ. ನಿಮ್ಮ ಕುಬಟೂರಿನ ಗಡಿಕಲ್ಲಿನ ಹತ್ತಿರ ದಿನಾ ಹೋಗಿ ನೋಡು. ಅರಿಶಿನ ಹಚ್ಚುವ ನೆಪದಲ್ಲಿ ಬಲಗಿವಿಗೆ ಕೈ ಹಾಕು. ಸಿಕ್ಕರೆ ಹಾಕಿಕೊಂಡು ಬಾ, ಸಿಗದಿದ್ದರೂ ಬಾ. ಅಕ್ಕನಿಗೆ ಇನ್ನೂ ಹೇಳಿಲ್ಲ. ನೀನು ಬಂದ ಮೇಲೆ ಹೇಳುತ್ತೇನೆ, ಇಬ್ಬರೂ ಸೇರಿ ಒಂದೇ ಸಲ ಹೊಡೆದುಬಿಡಿ.