ಭೀಮಮ್ಮ ಕೊಡದ ಒಪ್ಪಿಗೆಯ ಮೇಲೆ ಮುಚ್ಚಿದ ಗುಡ್ಡದ ದಾರಿ

ಮಾನ್ಯ ಅರಣ್ಯಾಧಿಕಾರಿಗಳೇ,

ನಮ್ಮೂರಿನಿಂದ ಗುಡ್ಡಕ್ಕೆ ಹೋಗುವ ಬಂಡಿದಾರಿಗೆ ಅಡ್ಡಲಾಗಿ ಕಂದಕ ತೋಡಿಸಿ ಮುಚ್ಚಿದ್ದೀರಿ. ‘ಗ್ರಾಮಸ್ಥರ ಅಭ್ಯಂತರವಿಲ್ಲ’ ಎಂದು ನಿಮ್ಮ ನಡಾವಳಿಯಲ್ಲಿ ಬರೆದಿದೆ. ಅದು ಸುಳ್ಳು. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅದನ್ನು ನಿಮ್ಮ ಕಿವಿಗೆ ಹಾಕಿದವನು ನಾನೇ.

ತೆಲುಗು ಸೀಮೆಗೆ ಸೇರಿದ್ದರೂ ದಾಮರಗಿದ್ದ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಮಾತು ಕನ್ನಡ. ನಿಮಗೆ ಕನ್ನಡ ಬಾರದು. ಹಾಗಾಗಿ ಶ್ರಾವಣದಲ್ಲಿ ಪಂಚಾಯಿತಿ ಕಟ್ಟೆಯ ಮೇಲೆ ನಡೆದ ಸಭೆಗೆ, ಜನರ ಮಾತನ್ನು ತೆಲುಗಿನಲ್ಲಿ ಹೇಳಲು, ಕನ್ನಡ ಶಾಲೆಯ ನಿವೃತ್ತ ಶಿಕ್ಷಕನಾದ ನನ್ನನ್ನು ಕರೆಸಿದಿರಿ. ನಿಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದಿರಿ. ನನ್ನ ಹಳೆಯ ವಿದ್ಯಾರ್ಥಿ ಸುರೇಂದರ್ ಎಲ್ಲರೆದುರು ನನ್ನ ಕಾಲು ಮುಟ್ಟಿ, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂತ. ಗುಡ್ಡ ಅಗೆದು ಮೊರಂ ಮಣ್ಣು ಸಾಗಿಸುವ ಟಿಪ್ಪರುಗಳು ಅವನವೇ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ನಿಮಗೊಬ್ಬರಿಗೆ ಗೊತ್ತಿರಲಿಲ್ಲ ಎಂದು ಇವತ್ತಿಗೂ ನಂಬಲು ಪ್ರಯತ್ನಿಸುತ್ತಿದ್ದೇನೆ.

ವಾಹನಗಳಿಂದ ಗುಡ್ಡ ಹಾಳಾಗುತ್ತಿದೆ, ದಾರಿ ಮುಚ್ಚಿದರೆ ಕಾಡು ಉಳಿಯುತ್ತದೆ ಎಂದಿರಿ. ಅದರಲ್ಲಿ ನಿಜವೂ ಇತ್ತು. ಆಗ ಭೀಮಮ್ಮ ಎದ್ದು ನಿಂತಳು. ದಸರೆಯ ಹೊತ್ತಿಗೆ ಆಕೆಯೂ ಇನ್ನಿಪ್ಪತ್ತು ಹೆಂಗಸರೂ ಆ ದಾರಿಯಲ್ಲೇ ಗುಡ್ಡ ಹತ್ತಿ, ಸೀತಾಫಲ ಕಿತ್ತು, ಬುಟ್ಟಿ ಹೊತ್ತು ತಂದು ನಾರಾಯಣಪೇಟೆಯಲ್ಲಿ ಮಾರುತ್ತಾರೆ.

“ಸಾಹೇಬ್ರ, ಕಾಡು ಉಳೀಬೇಕು ಅಂತ ನಮಗೂ ಐತ್ರಿ. ಗುಡ್ಡ ಕೆಡಿಸಿದ್ದು ಟಿಪ್ಪರ್. ನಾವು ಬುಟ್ಟಿ ಹೊತ್ತು ನಡಕೋತ ಹೋಗೋರು, ನಮಗ್ಯಾಕ ದಾರಿ ಬಂದ್ ಮಾಡ್ತೀರಿ? ಟಿಪ್ಪರ್ ಯಾರದು ಅಂತ ಕೇಳಾಕ ದೂರ ಹೋಗಬ್ಯಾಡ್ರಿ, ನಿಮ್ಮ ಮುಂದ ಕುಂತಾನ್ನೋಡ್ರಿ.”

“ಏಮಂಟುಂದಿ?”, ಏನನ್ನುತ್ತಾಳೆ, ಎಂದು ನೀವು ನನ್ನತ್ತ ಬಾಗಿ ಕೇಳಿದಿರಿ. ಸುರೇಂದರ್ ನನ್ನನ್ನೇ ನೋಡುತ್ತಿದ್ದ. ಶಾಲು ಇನ್ನೂ ನನ್ನ ಹೆಗಲ ಮೇಲಿತ್ತು. ನಡೆದು ಹೋಗುವವರಿಗೆ ಸ್ವಲ್ಪ ಅನುಕೂಲ ಕೇಳುತ್ತಿದ್ದಾರೆ, ಉಳಿದಂತೆ “ಅಭ್ಯಂತರಂ ಲೇದು ಸಾರ್” ಎಂದುಬಿಟ್ಟೆ. ಭೀಮಮ್ಮನಿಗೆ ಸಂತೆಯ ತೆಲುಗು ಬರುತ್ತದೆ, ಕಚೇರಿಯ ತೆಲುಗು ಬರುವುದಿಲ್ಲ. ಅರ್ಥವಾದ ಇಬ್ಬರು ಮೂವರು ನೆಲ ನೋಡಿದರು. ನೀವು ‘ಸ್ವಲ್ಪ ಅನುಕೂಲ’ವನ್ನೂ ಬಿಟ್ಟು ಉಳಿದದ್ದನ್ನು ಬರೆಸಿಕೊಂಡಿರಿ. ಕೆಳಗೆ ನಾನು ದಸ್ತಖತ್ ಹಾಕಿದೆ.

ಹೆದರಿದೆನೆಂದು ಹೇಳಿಕೊಂಡರೆ ಸುಲಭವಾಗುತ್ತಿತ್ತು. ಆದರೆ ನನ್ನನ್ನು ಯಾರೂ ಹೆದರಿಸಿರಲಿಲ್ಲ. ಆ ಕುರ್ಚಿ ಹಿತವಾಗಿತ್ತು, ಅಷ್ಟೇ.

ಎಂಟು ದಿನಗಳಲ್ಲಿ ಜೆಸಿಬಿ ಬಂತು. ನಮ್ಮ ಯಾವ ಅರ್ಜಿಗೂ ನಿಮ್ಮ ಇಲಾಖೆ ಇಷ್ಟು ಬೇಗ ಓಡಿಬಂದಿದ್ದಿಲ್ಲ! ನಮ್ಮ ಬದಿಗೆ ಆಳೆತ್ತರದ ಕಂದಕ. ಗುಡ್ಡದ ಆಚೆ ಬದಿಗೆ ಗೇಟು, ಗೇಟಿಗೆ ಬೀಗ. ಬೀಗದ ಕೈ ಯಾರ ಜೇಬಿನಲ್ಲಿದೆಯೋ, ಟಿಪ್ಪರುಗಳು ಮಾತ್ರ ಹೋಗಿ ಬರುತ್ತಲೇ ಇವೆ. ಅವುಗಳಿಂದ ಈಗ ಕಾಡಿಗೆ ತೊಂದರೆ ಇಲ್ಲವೇ? ಸೀತಾಫಲದ ಬುಟ್ಟಿಗಿಂತ ಮಣ್ಣು ತುಂಬಿದ ಟಿಪ್ಪರ್ ಹಗುರವೇ?

ಗುಡ್ಡ ಬಳಸಿ ಡಾಂಬರು ರಸ್ತೆಯಲ್ಲಿ ನಡೆದರೆ ಹನ್ನೊಂದು ಕಿಲೋಮೀಟರ್. ಕಣ್ಣು ಬಿಟ್ಟು ಹಣ್ಣಾಗತೊಡಗಿದ ಸೀತಾಫಲ ಅಷ್ಟು ಹೊತ್ತು ಬಿಸಿಲಲ್ಲಿ ತಾಳುವುದಿಲ್ಲ. ಹಾಗಾಗಿ ಹೆಂಗಸರು ಕಂದಕಕ್ಕೆ ಇಳಿದು ಹತ್ತತೊಡಗಿದರು. ಹೋದ ತಿಂಗಳು ಮಳೆ ಬಿದ್ದ ಮರುದಿನ, ಬುಟ್ಟಿ ಹೊತ್ತು ಇಳಿಯುತ್ತಿದ್ದ ಭೀಮಮ್ಮನ ಕಾಲಡಿಯ ಮಣ್ಣು ಕುಸಿಯಿತು. ಸೊಸೆ ರಜಿತಾ ಮೇಲೆಳೆದುಕೊಂಡಳು. ಬಲಗೈ ಎರಡು ಕಡೆ ಮುರಿದಿತ್ತು.

ನಾನು ನೋಡಲು ಹೋದೆ. ಭೀಮಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. “ಬರ್ರಿ ಸಾರು, ಕುಂದರ್ರಿ. ರಜಿತಾ, ಸಾರಿಗೆ ಚಾ ಇಡು” ಎಂದಳು. ಆಮೇಲೆ, “ನೀವು ನನ್ ಮಾತು ಅಷ್ಟು ಛಲೋ ಹೇಳಿದ್ರಿ. ಆದ್ರೂ ಆ ಸಾಹೇಬ್ರು ಕೇಳ್ಲಿಲ್ಲ ನೋಡ್ರಿ” ಎಂದಳು.

ಚಹಾದ ಲೋಟ ಕೆಳಗಿಟ್ಟು, ನಡೆದದ್ದೆಲ್ಲ ಹೇಳಿದೆ. ರಜಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಭೀಮಮ್ಮ ಪಟ್ಟಿ ಕಟ್ಟಿದ ತನ್ನ ಕೈಯನ್ನು ನೋಡಿಕೊಂಡಳು.

“ಯಾಕ್ರಿ ಸಾರು?”

ಶಾಲಿನ ಮಾತು, ಕುರ್ಚಿಯ ಮಾತು ಹೇಳಿದೆ.

“ನನಗ ಹೇಳಿ ಏನು ಫಾಯಿದಾ?” ಎಂದಳು. “ಎಲ್ಲಾರ ಮುಂದ ಕೆಡಿಸೀರಿ. ಎಲ್ಲಾರ ಮುಂದನ ಸರಿ ಮಾಡ್ರಿ.”

ನಿಮ್ಮ ಕಚೇರಿಗೆ ಎರಡು ಸಲ ಬಂದೆ. ಒಳಗೆ ಬಿಡಲಿಲ್ಲ. ನಿಮ್ಮ ಗುಮಾಸ್ತರು ಕಾಗದ ತೆಗೆದು ತೋರಿಸಿ, “ದಸ್ತಖತ್ ಮೀದೇ ಕದಾ ಸಾರ್?” ಎಂದು ನಕ್ಕರು. ನನ್ನದೇ. ಅಲ್ಲವೆಂದು ಯಾವ ಬಾಯಿಂದ ಹೇಳಲಿ? ಆದ್ದರಿಂದ ಈ ಪತ್ರವನ್ನು ಊರವರೆಲ್ಲ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ; ಇದರ ತೆಲುಗು ಪ್ರತಿಯನ್ನು ನಿಮಗೆ ಕಳಿಸಿದ್ದೇನೆ.

ಆ ನಡಾವಳಿ ರದ್ದಾಗಲಿ. ಅದೇ ಕಟ್ಟೆಯ ಮೇಲೆ ಮತ್ತೆ ಸಭೆ ಕರೆಯಿರಿ. ಸುರೇಂದರನೂ ಬರಲಿ. ಭೀಮಮ್ಮ ಅವತ್ತು ಹೇಳಿದ್ದನ್ನು ಒಂದಕ್ಷರ ಬಿಡದೆ ತೆಲುಗಿನಲ್ಲಿ ಹೇಳುತ್ತೇನೆ, ಕೊನೆಯ ಸಾಲಲ್ಲಿ ನಿಂತು. ತೆಲುಗು ಶಾಲೆಯಲ್ಲಿ ಓದಿದ ರಜಿತಾ ನಿಮ್ಮ ಪಕ್ಕ ಕೂತು, ನಾನು ಎಲ್ಲಿ ತಪ್ಪಿದರೂ ತಡೆಯಲಿ. ಆಕೆ ಈಗ ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ಸರಿದು ನಡೆಯುತ್ತಾಳೆ. ಅದು ನ್ಯಾಯವೇ. ಅಲ್ಲಿಯವರೆಗೆ ಕಂದಕದ ಒಂದು ಮೂಲೆಯನ್ನಾದರೂ, ಒಬ್ಬ ಹೆಂಗಸು ಬುಟ್ಟಿ ಹೊತ್ತು ದಾಟುವಷ್ಟು, ಮುಚ್ಚಿಸಿಕೊಡಿ.

ಇಂತಿ,
ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ, ಒಬ್ಬ ಹೆಂಗಸಿನ ನಾಲ್ಕು ಮಾತು ನೆಟ್ಟಗೆ ತಲುಪಿಸಲಾರದೆ ಹೋದ
ಚಂದ್ರಕಾಂತ್