ಗ್ರೀಸ್-ರೋಮಿನ ಹೊಣೆಗಾರ್ತಿ ನೀಲಗಂಗಾಗೆ ಬರೆದದ್ದು

ಮುಚ್ಚಿಗೆಯ ನೂರ ಎಂಬತ್ತೇಳನೆಯ ವರ್ಷ, ಕಾವುಗಾಲದ ಮೂರನೆಯ ಪಕ್ಷ
ಶಹಾಬಾದ್ ಖಣಿ, ಕೆಳಗಿನ ಅಂತಸ್ತು

ನೀಲಗಂಗಾ ಹೂಗಾರ, ಬಿ.ಎ. ಎರಡನೆಯ ವರ್ಷ, ಇವಳಿಗೆ—

ಮೇಲಿನ ತಾರೀಖು ನಿನಗೆ ಅರ್ಥವಾಗದು. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಮುನ್ನೂರ ಹದಿನಾಲ್ಕು ಇರಬಹುದು. ಒಂದೆರಡು ವರ್ಷ ಹೆಚ್ಚುಕಡಿಮೆ, ಏಕೆಂದರೆ ನಡುವೆ ಯಾರೂ ವರ್ಷ ಎಣಿಸದ ಕಾಲವೊಂದು ಹೋಗಿದೆ. ನಾನು ಬರೆಯುತ್ತಿರುವುದು ನಿನ್ನ ಪುಸ್ತಕದಿಂದ ಕಲಿತ ಕನ್ನಡ. ನಮ್ಮ ಬಾಯಿಯ ಮಾತು ಬೇರೆ. ಎಲ್ಲಾದರೂ ಪದ ಸೊಟ್ಟಗೆ ಕಂಡರೆ ಮನ್ನಿಸು. ನೀನು ಅನ್ನಬೇಕೋ ನೀವು ಅನ್ನಬೇಕೋ ಎಂದು ಎರಡು ದಿನ ಯೋಚಿಸಿದೆ. ನನಗಿಂತ ಮುನ್ನೂರು ವರ್ಷ ಹಿರಿಯಳು ನೀನು. ಆದರೆ ಪುಸ್ತಕದ ಮೊದಲ ಹಾಳೆಯಲ್ಲಿ ಹೆಸರು ಬರೆದ ಕೈ ಹತ್ತೊಂಬತ್ತರ ಹುಡುಗಿಯದು, ನನಗೀಗ ಐವತ್ತೆಂಟು. ಅದಕ್ಕೆ ನೀನು ಎನ್ನುತ್ತೇನೆ. ನನ್ನ ಹೆಸರು ತಂಗೆಮ್ಮ.

ನಿಮ್ಮ ಕಾಲದಲ್ಲಿ ಇಲ್ಲಿ ಫರಸಿ ಕಲ್ಲು ತೆಗೆಯುತ್ತಿದ್ದರಂತೆ, ಮನೆಮನೆಯ ನೆಲಕ್ಕೆ ಹಾಸುವ ಕಲ್ಲು. ಹೊರಗಿನ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಆ ಖಣಿಗಳೊಳಗೆ ಇಳಿದು ಮೇಲೆ ಮಾಡು ಕಟ್ಟಿದರು. ಅದನ್ನೇ ಮುಚ್ಚಿಗೆ ಅನ್ನುತ್ತೇವೆ. ವರ್ಷಗಳನ್ನು ಅಲ್ಲಿಂದಲೇ ಎಣಿಸುತ್ತೇವೆ. ನಾಲ್ಕು ಸಾವಿರ ಜನ ಇದ್ದೇವೆ. ಮಾಡಿನಲ್ಲಿ ಬೆಳಕಿಂಡಿಗಳಿವೆ, ಅವುಗಳ ಕೆಳಗೆ ಗಿಡ್ಡ ಜೋಳ ಬೆಳೆಯುತ್ತೇವೆ. ಗೋಡೆಯಿಂದ ಜಿನುಗುವ ನೀರಿಗೆ ಪಾಳಿ ಹಚ್ಚುತ್ತೇವೆ. ಮಧ್ಯಾಹ್ನ ಗಂಟೆ ಬಾರಿಸಿದರೆ ಎಲ್ಲರೂ ತಂಪು ಕಲ್ಲಿನ ಮೇಲೆ ಮಲಗುತ್ತಾರೆ, ಕಲ್ಲು ಒಡೆದು ಹೊಸ ಕೋಣೆ ಮಾಡುವವರು ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ಹೊರಗೆ ಹೋಗುವ ದಾರಿ ಒಂದೇ, ಮೇಲ್ಬಾಗಿಲು. ವರ್ಷಕ್ಕೊಮ್ಮೆ ತಂಪುಗಾಲದಲ್ಲಿ ಬಂಡಿಸಾಲು ಬಂದು, ಬೇಕಾದವರನ್ನು ಬೀದರಿನ ಎತ್ತರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಜನ ಇನ್ನೂ ಬಯಲಿನಲ್ಲೇ ಬಾಳುತ್ತಾರೆ. ಯಾರು ಬೇಕಾದರೂ ಹೋಗಬಹುದು, ಹೊಣೆಗಾರರನ್ನು ಬಿಟ್ಟು.

ಹೊಣೆಗಾರರು ಯಾರೆಂದು ಹೇಳಬೇಕು. ನಿಮ್ಮವರು ತಿಳಿದದ್ದನ್ನೆಲ್ಲ ಯಂತ್ರಗಳ ಹೊಟ್ಟೆಯಲ್ಲಿ ತುಂಬಿಟ್ಟಿದ್ದರಂತೆ. ಒಂದು ವರ್ಷದೊಳಗೆ ಅದೆಲ್ಲ ಅಳಿಸಿಹೋಯಿತು. ನಾವು ಅದಕ್ಕೆ ಅಳಿವು ಅನ್ನುತ್ತೇವೆ. ಉಳಿದ ನಾಲ್ಕಾರು ಪುಸ್ತಕಗಳಿಗೂ ಗೆದ್ದಲು ಹತ್ತಿತು. ಆಗ ಹಿರಿಯರು, ಬರೆದದ್ದು ಅಳೀತು, ಬಾಯಾಗಿದ್ದದ್ದು ಉಳೀತು ಎಂದು ಕಟ್ಟಳೆ ಮಾಡಿದರು. ಹನ್ನೆರಡು ತುಂಬಿದ ಮಕ್ಕಳಲ್ಲಿ ಕೆಲವರಿಗೆ ಚೀಟಿ ಎತ್ತಿ ಒಂದೊಂದು ವಿದ್ಯೆ ಹಂಚುತ್ತಾರೆ. ಅದು ಅವರ ಹೊಣೆಪಾಠ. ಅದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಬೇಕು. ಕಲಿಯುವಾಗ ಪಾಟಿಯ ಮೇಲೆ ಬರೆಯಬಹುದು, ಆದರೆ ಸಂಜೆ ಒರೆಸಬೇಕು. ಶಿಷ್ಯರೊಬ್ಬರು ಪೂರ್ತಿ ಒಪ್ಪಿಸುವ ತನಕ ಹೊಣೆಗಾರ ಖಣಿ ಬಿಡುವಂತಿಲ್ಲ. ಒಪ್ಪಿಸಿದ ದಿನ ಗುರುವಿಗೆ ಬಿಡುಗಡೆ, ಶಿಷ್ಯರಿಗೆ ಕಟ್ಟು.

ನನಗೆ ಬಂದ ಚೀಟಿ ಗ್ರೀಸ್-ರೋಮ್. ನನ್ನ ಅವ್ವ ಅದೊಂದು ಔಷಧಿ ಇರಬೇಕು ಎಂದುಕೊಂಡು ಖುಷಿಪಟ್ಟಳು.

ನನ್ನ ಗುರು ದಸ್ತಗೀರ ಕಾಕಾ. ಆಗ ಅವರಿಗೆ ಐವತ್ತು ದಾಟಿತ್ತು. ಮಗಳು ಹಲೀಮಾ ನಾಲ್ಕು ವರ್ಷದವಳಿದ್ದಾಗ, ಖಣಿಯ ಗಾಳಿ ಕೂಸಿನ ಎದೆಗೆ ಆಗದೆ, ಹೆಂಡತಿ ಅವಳನ್ನು ಬೀದರಿಗೆ ಒಯ್ದಿದ್ದಳು. ಕಾಕಾ ಹೊಣೆಗಾರರು, ಹೋಗುವಂತಿರಲಿಲ್ಲ. ವರ್ಷಕ್ಕೊಮ್ಮೆ ಬಂಡಿಯವರ ಬಾಯಲ್ಲಿ ಮಗಳ ಸುದ್ದಿ ಬರುತ್ತಿತ್ತು. ನಮ್ಮ ಪಾಠಕ್ಕೆ ಮೂಲವಾದ ನಿನ್ನ ಪುಸ್ತಕವನ್ನು ಅವರು ಚಿಕ್ಕಂದಿನಲ್ಲಿ ಇಡಿಯಾಗಿ ಕಂಡಿದ್ದರು. ನಾನು ಬರುವ ಹೊತ್ತಿಗೆ ಹನ್ನೊಂದು ಹಾಳೆ ಉಳಿದಿದ್ದವು, ಹಿರಿಯರ ಪೆಟ್ಟಿಗೆಯಲ್ಲಿ. ಕೆಲವು ಸಾಲುಗಳ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ 'ಪರೀಕ್ಷೆಗೆ ಬರುತ್ತದೆ' ಎಂದು ನೀನು ಬರೆದಿದ್ದೀ. ಬಂತೋ ಇಲ್ಲವೋ ಗೊತ್ತಿಲ್ಲ.

ಕಾಣದ ಲೋಕವನ್ನು ಕಲಿಯುವುದು ಎಂಥ ಕಷ್ಟ ಎಂದು ನಿನಗೂ ಗೊತ್ತಿರಬೇಕು, ಆದರೆ ನೀನು ಆಕಾಶವನ್ನಾದರೂ ನೋಡಿದ್ದೆ. ಸಮುದ್ರ ಎಂದರೇನು ಎಂದು ಕೇಳಿದಾಗ ಕಾಕಾ ಪಾಳಿಯ ನೀರನ್ನು ಪರಾತದಲ್ಲಿ ಸುರಿದು, ಬೆರಳತುದಿ ಗಾತ್ರದ ಎರಡು ಕಲ್ಲುಚೂರು ಇಟ್ಟರು.

"ಇದು ಅಥೆನ್ಸ್, ಇದು ಸಿಸಿಲಿ. ನಡುವ ಇರೋದೆಲ್ಲಾ ಸಮುದ್ರ."

"ಆಲಿವ್ ಅಂದ್ರ ಏನು ಕಾಕಾ?"

"ನನಗೂ ಗೊತ್ತಿಲ್ಲವಾ. ಬೇವಿನ ಕಾಯಿ ಇದ್ದಂಗ ಇರ್ತದಂತ ತಿಳ್ಕೋ. ಆದ್ರ ಅವ್ರು ತಿಂತಿದ್ರು."

ಹೀಗೆ ಬೇವಿನಕಾಯಿ ತಿನ್ನುವ ಜನರ ಯುದ್ಧಗಳನ್ನೂ ಸಭೆಗಳನ್ನೂ ಕಲಿತೆ. ಅಥೆನ್ಸಿನವರು ವರ್ಷಕ್ಕೊಮ್ಮೆ ಮಡಕೆಚೂರುಗಳ ಮೇಲೆ ಒಬ್ಬನ ಹೆಸರು ಕೆತ್ತಿ, ಆರು ಸಾವಿರ ಚೂರು ಬಿದ್ದರೆ ಅವನನ್ನು ಹತ್ತು ವರ್ಷ ಊರಿನಿಂದ ಹೊರಗೆ ಹಾಕುತ್ತಿದ್ದರು ಎಂಬ ಪಾಠ ಬಂದ ದಿನ ನನಗೆ ನಗು ತಡೆಯಲಾಗಲಿಲ್ಲ. ಊರು ಬಿಟ್ಟು ಹೋಗುವುದು ಶಿಕ್ಷೆಯೇ? ನನ್ನ ಹೆಸರು ಬರೆಯಲು ಆರು ಸಾವಿರ ಜನ ಸಿಗಲಿ ಎಂದು ಬೇಡಿಕೊಂಡೆ. ಕಾಕಾ ನಗಲಿಲ್ಲ. ಪಾಟಿ ಒರೆಸಿಟ್ಟರು.

ನನಗೆ ಹದಿನೆಂಟಾದಾಗ ಅಕ್ಕ ಭಾಗಮ್ಮ ಬೀದರಿಗೆ ಹೋಗಲು ತೀರ್ಮಾನಿಸಿದಳು. ಅವ್ವ ತೀರಿಕೊಂಡಿದ್ದಳು, ನಮಗೆ ಬೇರೆ ಯಾರೂ ಇರಲಿಲ್ಲ. "ನೀ ಬರದಿದ್ರ ನಾನೂ ಹೋಗಂಗಿಲ್ಲ" ಎಂದು ಹಟ ಹಿಡಿದಳು. ಮೂರು ಸಲ ಒಪ್ಪಿಸಲು ತಪ್ಪಿದ ಶಿಷ್ಯರನ್ನು ಹೊಣೆಯಿಂದ ಬಿಡುತ್ತಾರೆ. ಪಾಠವೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೂ ಮೊದಲ ಸಲ ಐವರು ಹಿರಿಯರ ಮುಂದೆ ನಿಂತು ಅರ್ಧಕ್ಕೆ ನಿಲ್ಲಿಸಿದೆ. ಆರು ತಿಂಗಳ ನಂತರ ಎರಡನೆಯ ಸಲವೂ ಹಾಗೆಯೇ ಮಾಡಿದೆ. ಕಾಕಾ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮೂರನೆಯ ಸಲಕ್ಕೆ ಮೊದಲಿನ ವಾರ ಅವರು ಸಿಸಿಲಿಯ ಪಾಠವನ್ನು ಮತ್ತೆ ಹೇಳಿಸಿದರು. ಯುದ್ಧದಲ್ಲಿ ಸೋತ ಅಥೆನ್ಸಿನ ಸೈನಿಕರನ್ನು, ಏಳು ಸಾವಿರಕ್ಕೂ ಮೇಲೆ, ಸಿರಾಕ್ಯೂಸ್ ಊರಿನವರು ಕಲ್ಲಿನ ಖಣಿಗೆ ದಬ್ಬಿದರು. ದಿನಕ್ಕೆ ಒಂದು ಬೊಗಸೆ ನೀರು, ಎರಡು ಬೊಗಸೆ ಕಾಳು. ಸತ್ತವರು ಬದುಕಿದವರ ಪಕ್ಕದಲ್ಲೇ ಬಿದ್ದಿದ್ದರು. ತಮ್ಮ ನಾಡಿನ ನಾಟಕದ ಪದ್ಯ ಬಾಯಿಗೆ ಬರುತ್ತಿದ್ದ ಕೆಲವರನ್ನು ಮಾತ್ರ, ಅದನ್ನು ಹೇಳಿಸಿಕೊಂಡು ಬಿಟ್ಟರಂತೆ.

"ಅವ್ರಿಗಿ ಬಾಯಿಪಾಠ ಬಿಡಿಸ್ತು," ಎಂದರು ಕಾಕಾ. "ನಮಗ ಅದೇ ಕಟ್ಟಿ ಹಾಕ್ಯಾದ."

ನನಗೆ ಅವರ ಮುಖ ನೋಡಲಾಗಲಿಲ್ಲ. ನಾನು ತಪ್ಪಿದರೆ ಮತ್ತೊಂದು ಮಗು, ಮತ್ತೆ ಏಳು ವರ್ಷ. ಅಷ್ಟು ವರ್ಷ ಅವರಿಗೆ ಉಳಿದಿರಲಿಲ್ಲ.

ಒಪ್ಪಿಸುವ ದಿನ ಬಂಡಿಸಾಲು ಮೇಲ್ಬಾಗಿಲಲ್ಲಿ ಬಂದು ನಿಂತಿತ್ತು. ಅಕ್ಕ ಗಂಟು ಕಟ್ಟಿಕೊಂಡು ಸಭೆಯ ಹಿಂದೆ ಕುಳಿತಿದ್ದಳು. ನಾನು ನಿಂತೆ. ಮೊದಲ ಸಾಲನ್ನೂ ಹೇಳಲಿಲ್ಲ. ಐವರಲ್ಲಿ ಹಿರಿಯರಾದ ಗುರುಪಾದಯ್ಯನವರು ಬಹಳ ಹೊತ್ತು ಕಾದು ಕಾಕಾನ ಕಡೆ ತಿರುಗಿದರು.

"ದಸ್ತಗೀರ, ನಿನ್ನ ಮಾತೇ ಕಡೀದು. ಈ ಹುಡುಗಿಗಿ ಪಾಠ ಬರ್ತದೋ ಇಲ್ಲೋ?"

"ಬರಂಗಿಲ್ರೀ," ಎಂದರು ಕಾಕಾ. "ಅಕೀದೇನೂ ತಪ್ಪಿಲ್ಲ. ನಾನೇ ಬರೋಬ್ಬರಿ ಕಲಿಸಿಲ್ಲ. ಅಕೀಗಿ ಬಿಟ್ಟುಬಿಡ್ರಿ."

ಅವರು ಅದನ್ನು ಹೇಳಿದ ದನಿ, ಎಂದಿನಂತೆ ಪಾಠ ಹೇಳುವ ದನಿಯೇ. ಮಗಳ ಮುಖ ನೋಡದೆ ಇಪ್ಪತ್ತಾರು ವರ್ಷ ಕಳೆದ ಮನುಷ್ಯ ನನಗೋಸ್ಕರ ಸುಳ್ಳು ಹೇಳಿ, ನೆಲ ನೋಡುತ್ತ ನಿಂತಿದ್ದರು. ನನ್ನ ಬಾಯಿ ತಾನಾಗಿ ತೆರೆಯಿತು. ನಾನು ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡ. ಹಾಗೆ ಬಿಟ್ಟು ಹೋಗಿ ಬೀದರಿನಲ್ಲಿ ಅನ್ನ ಉಣ್ಣಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಮೊದಲ ಪಾಠದ ಮೊದಲ ಸಾಲಿನಿಂದ ಶುರು ಮಾಡಿದೆ. ಒಪ್ಪಿಸಿ ಮುಗಿಯಲು ಮೂರು ದಿನ ಹಿಡಿಯಿತು. ಎರಡನೆಯ ದಿನ ಅಕ್ಕ ಎದ್ದು ಹೋದಳು. ಮೂರನೆಯ ದಿನ ಬಂಡಿಗಳು ಹೊರಟವು, ಕಾಕಾ ಮತ್ತು ಅಕ್ಕ ಒಂದೇ ಬಂಡಿಯಲ್ಲಿ. ಹೊರಡುವ ಮುನ್ನ ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟರು.

ಮರುವರ್ಷ ಸುದ್ದಿ ಬಂತು. ಹಲೀಮಾ ಅವರ ಗುರುತು ಹಿಡಿಯಲಿಲ್ಲವಂತೆ. ಆರು ತಿಂಗಳು ಬೇಕಾಯಿತಂತೆ ಅಪ್ಪಾ ಅನ್ನಲು. ಕಾಕಾ ಒಂಬತ್ತು ವರ್ಷ ಅವಳ ಮನೆಯಲ್ಲಿ ಬಾಳಿ ತೀರಿಕೊಂಡರು. ಅಕ್ಕ ನನಗೆ ಏಳು ವರ್ಷ ಯಾವ ಸುದ್ದಿಯನ್ನೂ ಕಳಿಸಲಿಲ್ಲ.

ನನ್ನ ಹತ್ತಿರ ಮೂವರು ಶಿಷ್ಯರು ಬಂದರು. ಮೊದಲ ಇಬ್ಬರು, ಜೊತೆಯಲ್ಲೇ ಕಲಿತವರು, ಮೂರು ಮೂರು ಸಲ ತಪ್ಪಿ ಬಿಡಿಸಿಕೊಂಡರು. ಪಾಠ ಅವರಿಗೆ ಬರುತ್ತಿತ್ತು. ನನ್ನನ್ನು ಕೇಳಿದಾಗ ಬರುವುದಿಲ್ಲ ಎಂದೆ. ಮೂರನೆಯವಳು ಜ್ವರದಲ್ಲಿ ಹೋದಳು. ಆಮೇಲೆ ಗ್ರೀಸ್-ರೋಮಿನ ಚೀಟಿಯನ್ನೇ ಹಾಕುವುದನ್ನು ಬಿಟ್ಟರು. ಇದು ಕೊನೆಗೊಳ್ಳದು ಎಂದು ಅಂದೇ ತಿಳಿಯಿತು. ನಾನು ಸಾಯುವ ತನಕ ಇದೇ ಕೋಣೆ. ನನ್ನೊಂದಿಗೆ ಪಾಠವೂ ಸಾಯುತ್ತದೆ. ಬೆಳಿಗ್ಗೆ ಎದ್ದು ಯಾರಿಗೂ ಬೇಡದ ಸಾಲುಗಳನ್ನು ಗೋಡೆಗೆ ಒಪ್ಪಿಸುತ್ತಿದ್ದೆ. ಒಂದು ದಿನ ತಪ್ಪಿಸಿದರೂ ಎಲ್ಲಿ ಮರೆಯುತ್ತೇನೋ ಎಂಬ ಭಯ. ನಿಲ್ಲಿಸುವಂತಿಲ್ಲ, ಮುಗಿಸುವಂತಿಲ್ಲ.

ಆದರೆ ಅದಕ್ಕೂ ಮೊದಲೇ, ಎರಡನೆಯವನು ಹೋದ ವರ್ಷ, ನನಗೆ ಇಪ್ಪತ್ತೇಳಿದ್ದಾಗ, ಒಂದು ಕೆಲಸ ಶುರು ಮಾಡಿದ್ದೆ. ನನ್ನ ಕೋಣೆಯ ನೆಲದ ಫರಸಿಯೊಂದನ್ನು ಎಬ್ಬಿಸಿ, ತಿರುವಿ, ಹಿಂಬದಿಯಲ್ಲಿ ಉಳಿಯಿಂದ ಮೊದಲ ಪಾಠವನ್ನು ಕಡೆದೆ. ಮತ್ತೆ ಮಗುಚಿ ಹಾಸಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತು ಕಲ್ಲೊಡೆಯುವವರ ಸದ್ದಿನ ನಡುವೆ ನನ್ನ ಸದ್ದು ಯಾರಿಗೂ ಕೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮುನ್ನೂರ ನಲವತ್ತು ಕಲ್ಲು. ನನ್ನ ಕೋಣೆ ಸಾಲದೆ, ಓಣಿಯ ನೆಲಕ್ಕೂ ಇಳಿದೆ. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.

ಈ ವರ್ಷ ತಂಪುಗಾಲ ಕಳೆಯುತ್ತಲೇ ಐವರನ್ನು ಕರೆದು ಕಲ್ಲುಗಳನ್ನು ತಿರುವಿ ತೋರಿಸಿದೆ. ಈಗಿನ ಹಿರಿಯ ಸಂಗನಬಸು, ನನಗಿಂತ ಹತ್ತು ವರ್ಷ ಸಣ್ಣವನು. ಅವನ ಮುಖ ಕಪ್ಪಿಟ್ಟಿತು.

"ತಂಗೆಮ್ಮಕ್ಕ, ಬರದಿಡಬಾರದಂತ ಕಟ್ಟಳೆ ಅದ. ನಿಮಗ ಗೊತ್ತಿಲ್ಲೇನು?"

"ಇದು ಬರದದ್ದಲ್ಲ ತಮ್ಮಾ. ಕಡದದ್ದು."

ಹನ್ನೊಂದು ದಿನ ಚರ್ಚೆ ಮಾಡಿದರು. ಕೊನೆಗೆ, ಬಾಯಿಯೂ ಕಲ್ಲೂ ಒಂದೇ ಹೇಳುತ್ತವೆಯೇ ನೋಡೋಣ ಎಂದರು. ಅವರು ತೋರಿಸಿದ ಕಲ್ಲಿನ ಪಾಠವನ್ನು ನಾನು ನೋಡದೆ ಹೇಳಬೇಕು, ಸಂಗನಬಸು ಬೆರಳಿಟ್ಟು ಓದಬೇಕು. ಎಂಟು ಕಲ್ಲು ಸರಿಹೋದವು. ಒಂಬತ್ತನೆಯದರಲ್ಲಿ ಅವನ ಬೆರಳು ನಿಂತಿತು. ಹೊರಹಾಕಲು ಹತ್ತು ಸಾವಿರ ಮಡಕೆಚೂರು ಬೇಕಿತ್ತು ಎಂದು ನಾನು ಹೇಳಿದ್ದೆ. ಕಲ್ಲಿನಲ್ಲಿ ಆರು ಸಾವಿರ ಎಂದಿತ್ತು. ಪೆಟ್ಟಿಗೆಯಿಂದ ನಿನ್ನ ಹಾಳೆಗಳನ್ನು ತೆಗೆಸಿದರು. ಆ ಸಾಲು ಅದರಲ್ಲಿ ಇತ್ತು, ನೀನು ಗೆರೆ ಎಳೆದ ಸಾಲುಗಳಲ್ಲೊಂದು. ಆರು ಸಾವಿರ.

ಎಷ್ಟು ವರ್ಷದಿಂದ ತಪ್ಪು ಒಪ್ಪಿಸುತ್ತಿದ್ದೆನೋ ನನಗೆ ತಿಳಿಯದು. ಗೆದ್ದೆ ಎಂದು ಆ ಕ್ಷಣ ಅನ್ನಿಸಲೇ ಇಲ್ಲ. ನಾಚಿಕೆಯಿಂದ ಕುಳಿತುಬಿಟ್ಟೆ. ಮೂವತ್ತೊಂಬತ್ತು ವರ್ಷ ನನ್ನನ್ನು ಇಲ್ಲಿ ಕೂಡಿಹಾಕಿದ್ದು ಯಾವ ಬಾಯಿಗಾಗಿಯೋ ಆ ಬಾಯಿಯೇ ಸೋರುತ್ತಿತ್ತು. ಸಂಗನಬಸು ಕಲ್ಲನ್ನು ಬಹಳ ಹೊತ್ತು ಸವರಿದ. ಆಮೇಲೆ, "ಅಕ್ಕಾ, ನೀವು ಎಲ್ಲಿಗಿ ಬೇಕಾದ್ರೂ ಹೋಗ್ಬೋದು" ಎಂದ. ಮರುದಿನ ಬೆಳಿಗ್ಗೆ ಔಷಧಿಯ ಹೊಣೆಗಾರ ನನ್ನ ಬಾಗಿಲಿಗೆ ಬಂದು, ಒಳ್ಳೆಯ ಉಳಿ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಅವಳ ಮಗಳು ನಿಂಗಮ್ಮ, ಸಂಗನಬಸು ಕಳಿಸಿದ ಆಳಿನ ಬಾಯಲ್ಲಿ ಸುದ್ದಿ ಕೇಳಿ, ನನಗೋಸ್ಕರ ಕಾವುಗಾಲದಲ್ಲೇ ಒಂದು ಬಂಡಿ ಕಟ್ಟಿಸಿಕೊಂಡು ಬಂದಿದ್ದಾಳೆ. "ಚಿಗವ್ವಾ, ನಿನ್ನ ಕಣ್ಣು ಅವ್ವನ ಕಣ್ಣೇ" ಎನ್ನುತ್ತಾಳೆ. ಆ ಕಣ್ಣಿಗೆ ದೂರ ನೋಡಿ ಅಭ್ಯಾಸವಿಲ್ಲ. ಮೊದಲ ದಿನ ಮೇಲ್ಬಾಗಿಲಲ್ಲಿ ನಿಂತಾಗ, ಎಲ್ಲಿಯೂ ಗೋಡೆ ಸಿಗದೆ ತಲೆ ತಿರುಗಿ ಕುಸಿದೆ. ನಿಂಗಮ್ಮ ದಿನವೂ ಕೈಹಿಡಿದು ಅಲ್ಲಿ ನಿಲ್ಲಿಸುತ್ತಾಳೆ. ಇವತ್ತು ನೂರು ಎಣಿಸುವ ತನಕ ನಿಂತೆ.

ನಾಲ್ಕು ಫರಸಿ ಖಾಲಿ ಉಳಿದಿದ್ದವು. ಅವುಗಳ ಮೇಲೆ ಬಳಪದಿಂದ ಇದನ್ನು ಬರೆದಿದ್ದೇನೆ. ಯಾರಾದರೂ ಕಡೆದರೆ ಉಳಿಯುತ್ತದೆ, ಒರೆಸಿದರೆ ಹೋಗುತ್ತದೆ. ಹಿಂದಿನ ಕಾಲಕ್ಕೆ ಪತ್ರ ತಲುಪುವುದಿಲ್ಲ ಎಂದು ನನಗೂ ಗೊತ್ತು. ಆದರೂ ಒಂದು ಕೇಳಿಕೆ. ನಿನ್ನ ಪುಸ್ತಕವನ್ನು ಯಾರಾದರೂ ಕೇಳಿದರೆ ಕೊಡು. ತಿರುಗಿ ಬರುವುದಿಲ್ಲ ಎಂದು ಗೊತ್ತಿದ್ದರೂ ಕೊಡು. ಗೆಳತಿ ಟಿಪ್ಪಣಿ ಕೇಳಿದರೆ ಬರೆದುಕೊಳ್ಳಲು ಬಿಡು. ನಿಮ್ಮಲ್ಲಿ ಅದು ಹತ್ತು ಮನೆಯಲ್ಲಿದ್ದರೆ ನಮ್ಮಲ್ಲಿ ಒಬ್ಬರನ್ನಾದರೂ ಕಟ್ಟಿಹಾಕುವುದು ತಪ್ಪುತ್ತದೆ.

ನಾಡಿದ್ದು ನಸುಕಿನಲ್ಲಿ ಬಂಡಿ ಹೊರಡುತ್ತದೆ. ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆ ಅನ್ನಬೇಕು, ಬರೀ ಹೋಗುತ್ತೇನೆ ಅನ್ನಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನಿಮ್ಮಲ್ಲಿಯೂ ಹಾಗೆಯೇ ಇದ್ದಿರಬೇಕು.

ನಾನು ಹೋಗುತ್ತೇನೆ.

ತಂಗೆಮ್ಮ