ನೀಲಿ ಪೆನ್ಸಿಲ್ ಮುಟ್ಟದ ಹಾಳೆ

ನ್ಯೂರೆಂಬರ್ಗ್
ಅಕ್ಟೋಬರ್ 1957, ಸೋಮವಾರ ಬೆಳಗ್ಗೆ

ನನ್ನ ಗೆಳೆತನವನ್ನೂ ಹೊಟ್ಟೆಕಿಚ್ಚನ್ನೂ ಒಬ್ಬನೇ ಪಡೆದ ಅನ್ಸೆಲ್ಮ್‌ಗೆ,

ನಿನ್ನೆ ನಿನ್ನ ಅರವತ್ತನೇ ಹುಟ್ಟುಹಬ್ಬದ ಊಟದಿಂದ ನಾನು ಕೇಕ್ ಮುಟ್ಟದೆ ಎದ್ದು ಬಂದೆ. ಹಲ್ಲುನೋವು ಎಂದು ನಿನ್ನ ಮಗಳು ರೋಸ್ವಿತಾಗೆ ಹೇಳಿದ್ದು ಶುದ್ಧ ಸುಳ್ಳು. ಅವಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಆ ನಕ್ಷೆಯ ಎದುರಿಗೇ ನನ್ನನ್ನು ಕೂರಿಸಿದ್ದಳು. ಕೆಳಗಿನ ಮೂಲೆಯಲ್ಲಿ ಎರಡು ಸಹಿ. ಬರೆದವನು ನೀನು, ತಪಾಸಣೆ ಮಾಡಿದವನು ನಾನು. ಆಮೇಲೆ ನೀನು ಗ್ಲಾಸ್ ಎತ್ತಿ ನನ್ನ ಬಗ್ಗೆ ಒಂದು ಮಾತು ಹೇಳಿದೆ. ಈ ಕಾಗದ ಆ ಮಾತಿಗೆ ಉತ್ತರ.

ಕಾರ್ಖಾನೆಯ ನಕ್ಷೆಯ ಕಚೇರಿಯಲ್ಲಿ ನಾವು ಎದುರುಬದುರು ಕೂತಿದ್ದೆವು. ನಾನು ಹತ್ತು ಸಲ ಅಳೆದು ಎಳೆಯುವ ಗೆರೆಯನ್ನು ನೀನು ಶಿಳ್ಳೆ ಹಾಕುತ್ತ ಎಳೆಯುತ್ತಿದ್ದೆ. ನಮ್ಮ ಹಾಳೆಗಳನ್ನು ಮಸಿಯಲ್ಲಿ ನಕಲು ಮಾಡುತ್ತಿದ್ದ ವಾಲ್ಬುರ್ಗಾ ಎಲ್ಲರೆದುರೇ ಅನ್ನುತ್ತಿದ್ದಳು, "ಗೆರ್ವಿನ್ ಹಾಳೆ ಬಂದ್ರೆ ಬೆನ್ನು ಬಿದ್ದೋಗುತ್ತೆ. ಅನ್ಸೆಲ್ಮ್‌ದಾದ್ರೆ ಹಾಡು ಹೇಳ್ಕೊಂಡೇ ಮುಗಿಸ್ಬೋದು." ಕೊನೆಗೆ ನನ್ನ ಕೈಗೆ ನೀಲಿ ಪೆನ್ಸಿಲ್ ಕೊಟ್ಟು, ಇತರರ ತಪ್ಪು ಹುಡುಕುವ ಕೆಲಸಕ್ಕೆ ಹಾಕಿದರು. ಒಂದೂ ನೀಲಿ ಗುರುತಿಲ್ಲದೆ ಹಾಳೆ ವಾಪಸಾದರೆ, ಬರೆದವನು ತಪಾಸಣೆಯವನಿಗೆ ಎಲ್ಲರ ಮುಂದೆ ಬಿಯರ್ ತಂದುಕೊಡಬೇಕು, ಅದು ನಮ್ಮ ಕಚೇರಿಯ ಪದ್ಧತಿ. ಹನ್ನೊಂದು ವರ್ಷ ನಿನ್ನ ಕೈಯಿಂದ ನಾನು ಒಂದು ತೊಟ್ಟೂ ಕುಡಿದಿರಲಿಲ್ಲ. ತಪ್ಪಿಲ್ಲದಿದ್ದರೂ ಎಲ್ಲೋ ಒಂದು ಚುಕ್ಕೆ ಇಡುತ್ತಿದ್ದೆ.

ನಲವತ್ತೆರಡರಲ್ಲಿ ಪ್ಯಾಂಥರ್ ಎಂಬ ಯುದ್ಧದ ಟ್ಯಾಂಕಿನ ಕೆಲಸ ಬಂತು. ಓರೆಯಾಗಿ ಹಿಂದಕ್ಕೆ ಬಾಗಿದ ಎದೆ, ಕೆಸರಲ್ಲಿ ಹೂತುಹೋಗದ ಅಗಲವಾದ ಪಟ್ಟಿಗಳು, ಒಂದರೊಳಗೊಂದು ಹೆಣೆದ ಗಾಲಿಗಳು. ಫಿರಂಗಿಯ ಬುಡ ಕಾಯುವ ಉಕ್ಕಿನ ಕವಚ ನಿನ್ನ ಪಾಲಿಗೆ ಬಂತು. ಅರ್ಧ ಪೀಪಾಯಿಯ ಹಾಗೆ ದುಂಡಗೆ ಬರೆದೆ. ಚೆಲುವಾಗಿತ್ತು, ನನಗೆ ಮೈ ಉರಿಯುವಷ್ಟು. ಹಾಳೆ ಹರವಿದ ಐದೇ ನಿಮಿಷಕ್ಕೆ ನನಗೆ ತಪ್ಪು ಕಂಡಿತು. ಮೇಲರ್ಧಕ್ಕೆ ತಗುಲಿದ ಗುಂಡು ಆಕಾಶಕ್ಕೆ ಹಾರುತ್ತದೆ. ಕೆಳಗಿನ ಅರ್ಧಕ್ಕೆ ತಗುಲಿದರೆ? ಅಲ್ಲಿಂದ ಜಾರಿ, ಚಾಲಕ ಕೂತಿರುವ ಜಾಗದ ತೆಳ್ಳನೆಯ ಚಾವಣಿಗೆ ನೇರ ಬಡಿಯುತ್ತದೆ.

ಪೆನ್ಸಿಲ್ ಎತ್ತಿದ್ದೆ, ಅನ್ಸೆಲ್ಮ್. ಅಷ್ಟರಲ್ಲಿ ನಮ್ಮ ಮುಖ್ಯಸ್ಥ ದೋಬ್ಲರ್ ಬಂದು ನನ್ನ ಭುಜದ ಮೇಲಿಂದ ಇಣುಕಿದರು. "ಇದ್ರಲ್ಲಿ ಏನಯ್ಯಾ ಹುಡುಕ್ತೀಯ? ನೀನು ಇನ್ನೊಂದು ಜನ್ಮ ಎತ್ತಿದ್ರೂ ಇಂಥ ಗೆರೆ ಎಳೀಲಾರೆ. ಸಹಿ ಹಾಕು." ಪೆನ್ಸಿಲ್ ಕೆಳಗಿಟ್ಟೆ. ಈ ಅನ್ಸೆಲ್ಮ್‌ನ ತಪ್ಪನ್ನು ರಣರಂಗವೇ ತೋರಿಸಲಿ ಎಂದುಕೊಂಡು ಸಹಿ ಹಾಕಿದೆ. ಆ ಸಂಜೆ ನೀನು ಬಿಯರ್ ತಂದು ನನ್ನನ್ನು ತಬ್ಬಿಕೊಂಡೆ. "ಅಂತೂ ನಿನ್ನ ಕಲ್ಲೆದೆ ಕರಗ್ತಲ್ಲೋ!" ಎಂದೆ. ನಾನು ಕುಡಿದೆ.

ಆಮೇಲೆ ಮಾದರಿಗಳು ಒಂದರ ಹಿಂದೊಂದು ಬಂದವು. ಮೊದಲು ಡಿ, ಆಮೇಲೆ ಎ, ಆಮೇಲೆ ಜಿ. ನಮ್ಮಲ್ಲಿ ಅಕ್ಷರಮಾಲೆಗೂ ತಲೆ ಕೆಟ್ಟಿತ್ತು. ಡಿ ಮಾದರಿಯ ಎದೆಯಲ್ಲಿ ಅಂಚೆಪೆಟ್ಟಿಗೆಯ ಬಾಯಿಯಂತಿದ್ದ ಬಂದೂಕಿನ ಕಿಂಡಿ ಎ ಮಾದರಿಯಲ್ಲಿ ಗುಂಡಗಾಯಿತು. ಜಿ ಬಂದಾಗ ಚಾಲಕನ ಮುಂದಿನ ಕಿಂಡಿ ಮುಚ್ಚಿದರು, ಪಕ್ಕದ ತಗಡು ದಪ್ಪವಾಯಿತು. ಪ್ರತಿ ಮಾದರಿಯ ತಿರುಪು, ಕೀಲುಗಳಿಗೂ ನಾನು ನೀಲಿ ಬಳಿದೆ, ನಿನ್ನ ಕವಚವನ್ನು ಮಾತ್ರ ಮುಟ್ಟಲಿಲ್ಲ. ರಣರಂಗದ ವರದಿ ಬಂತು. ಗುಂಡು ಜಾರಿ ಚಾವಣಿ ಒಡೆದಿತ್ತು. ಚಾಲಕನೂ ರೇಡಿಯೋದವನೂ ಸತ್ತಿದ್ದರು. ನೀನು ಅದನ್ನು ನಿಂತೇ ಓದಿದೆ, ಆ ದಿನ ಊಟ ಮಾಡಲಿಲ್ಲ. ಆ ಗಾಡಿಯ ಎದುರು ನಿಂತವರು ಏನಾದರೆಂದು ನಾವಿಬ್ಬರೂ ಒಂದು ದಿನವೂ ಕೇಳಲಿಲ್ಲ, ಅದು ಬೇರೆಯೇ ನಾಚಿಕೆ.

ನಲವತ್ನಾಲ್ಕರ ಶರತ್ಕಾಲದಲ್ಲಿ ಆ ಕವಚದ ಕೆಳಗೆ ಗುಂಡು ಚಾವಣಿಗೆ ಜಾರದಂತೆ ತಡೆಯುವ, ಗಲ್ಲದಂಥ ಒಂದು ದಪ್ಪ ಅಂಚು ಸೇರಿಸಲು ನನಗೆ ಹೇಳಿದರು. ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ಎರಡು ವರ್ಷದಿಂದ ತಲೆಯಲ್ಲಿದ್ದದ್ದಕ್ಕೆ ಎಷ್ಟು ಹೊತ್ತು ಬೇಕು? "ನನಗೆ ಕಾಣದ್ದು ನಿನಗೆ ಕಾಣ್ತು ಕಣೋ" ಎಂದು ನೀನು ಮತ್ತೆ ಬಿಯರ್ ತಂದೆ. ಅದನ್ನೂ ಕುಡಿದೆ.

ಯುದ್ಧ ಮುಗಿದ ಮೇಲೆ ನೀನು ಪೆನ್ಸಿಲ್ ಹಿಡಿಯಲಿಲ್ಲ, ತೋಟದ ಬೀಜ ಮಾರಿಕೊಂಡಿದ್ದೆ. ನಿನ್ನೆ ಗ್ಲಾಸ್ ಎತ್ತಿ ಹೇಳಿದೆ: "ನನಗೆ ರಾತ್ರಿ ನಿದ್ದೆ ಬರ್ತಿರೋದೇ ಆ ಸಹಿಯಿಂದ. ಗೆರ್ವಿನ್ ಕಣ್ಣಿಗೇ ಬೀಳದ ತಪ್ಪು ಇನ್ಯಾರ ಕಣ್ಣಿಗೆ ಬೀಳ್ತಿತ್ತು ಹೇಳಿ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಗೆರೆ, ನಿನ್ನ ಶಿಳ್ಳೆ, ನಿನಗೆ ಸಿಕ್ಕ ಹೊಗಳಿಕೆ, ಎಲ್ಲದಕ್ಕೂ ಉರಿದುಕೊಂಡಿದ್ದೆ. ನಿನ್ನೆ ನಿನ್ನ ನಿದ್ದೆಗೂ ಉರಿದುಕೊಂಡೆ. ನನ್ನ ಸುಳ್ಳಿನ ಮೇಲೆ ನೀನು ಹಾಯಾಗಿ ಮಲಗುತ್ತೀಯ. ಸುಳ್ಳು ಹೇಳಿದವನಿಗೆ ಮಾತ್ರ ನಿದ್ದೆಯಿಲ್ಲ.

ಇದನ್ನು ನಿನ್ನ ಹಿತಕ್ಕೆ ಹೇಳುತ್ತಿದ್ದೇನೋ, ಆ ನಿದ್ದೆಯನ್ನೂ ಕಸಿಯಲು ಹೇಳುತ್ತಿದ್ದೇನೋ, ನನಗೇ ಗೊತ್ತಿಲ್ಲ. ನೀವೆಲ್ಲ ಫೋಟೋ ತೆಗೆಸಿಕೊಳ್ಳಲು ಅಂಗಳಕ್ಕೆ ಹೋದಾಗ ನಾನು ಗೋಡೆಯ ಆ ನಕ್ಷೆಯ ಕಟ್ಟು ಇಳಿಸಿ, ಹಿಂದಿನ ಹಲಗೆ ಬಿಚ್ಚಿ, ಕವಚದ ಕೆಳಗಿನ ಅರ್ಧಕ್ಕೆ ನೀಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ತಾರೀಖು ಬರೆದು, ಮತ್ತೆ ತೂಗುಹಾಕಿ ಬಂದಿದ್ದೇನೆ. ಅಲ್ಲಿ ಬರೆದ ತಾರೀಖು ನಿನ್ನೆಯದಲ್ಲ, ಅದು ತಪ್ಪು ನನಗೆ ಕಂಡ ದಿನದ್ದು. ಹೋಗಿ ನೋಡು.

ನಿನ್ನ ತಪ್ಪು ಅರಿಯದೆ ಆದದ್ದು, ನನ್ನದು ಅರಿತು ಮಾಡಿದ್ದು. ಈ ರಾತ್ರಿಯೂ ನಿನಗೆ ನಿದ್ದೆ ಬರಲಿ. ನಿನ್ನ ವಿಷಯದಲ್ಲಿ ನಾನು ಕಿಚ್ಚಿಲ್ಲದೆ ಬಯಸುವುದು ಇದೊಂದೇ.

ತಪಾಸಣೆ ಮಾಡಿದವನು,
ಗೆರ್ವಿನ್